ಚಾರಣದ ಹಾದಿಯ ಕಾಡುಹೂಗಳನ್ನು ಗುರುತು ಹಿಡಿಯುವುದು ಹೇಗೆ?

ಕೋರಿಕೆ: ಸೆಪ್ಟೆಂಬರಿನಲ್ಲಿ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೊರಟಿದ್ದೇನೆ. ಹಿಂದಿನ ಚಾರಣದಲ್ಲಿ ತೆಗೆದ ನಲವತ್ತು ಹೂವಿನ ಚಿತ್ರಗಳಲ್ಲಿ ಮೂರರ ಹೆಸರೂ ಪತ್ತೆಯಾಗಲಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಬಣ್ಣವೊಂದನ್ನೇ ನಂಬಿ ನಾನೂ ಬಹಳ ಸಲ ಮೋಸಹೋಗಿದ್ದೇನೆ. ಮಲೆನಾಡಿನ ನೆಕ್ಕರಿಕೆಯನ್ನೂ ಅದರ ದಾಯಾದಿಯಾದ ಆಸ್ಬೆಕಿಯಾವನ್ನೂ ವರ್ಷಗಟ್ಟಲೆ ಒಂದೇ ಎಂದುಕೊಂಡಿದ್ದೆ. ಎರಡರದ್ದೂ ನೇರಳೆ ಮಿಶ್ರಿತ ಗುಲಾಬಿ ಹೂ, ಎರಡರ ಎಲೆಯಲ್ಲೂ ಬುಡದಿಂದ ತುದಿಯವರೆಗೆ ಬಾಗಿ ಸಾಗುವ ಎದ್ದುಕಾಣುವ ನರಗಳು. ಬೇಧ ಇರುವುದು ಹೂವಿನ ಒಳಗೆ. ನೆಕ್ಕರಿಕೆಯ ಹತ್ತು ಕೇಸರಗಳಲ್ಲಿ ಐದು ಉದ್ದವಾಗಿ, ನೇರಳೆಯಾಗಿ, ಕುಡುಗೋಲಿನಂತೆ ಬಾಗಿರುತ್ತವೆ, ಉಳಿದ ಐದು ಗಿಡ್ಡವಾಗಿ ಹಳದಿಯಾಗಿರುತ್ತವೆ; ಆಸ್ಬೆಕಿಯಾದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಆದ್ದರಿಂದ ಈಗ ಹೂವಿನ ಎದುರು, ಅದರ ಪಕ್ಕ, ಎಲೆ ಕಾಂಡಕ್ಕೆ ಕೂಡುವ ಜಾಗ, ಇಡೀ ಗಿಡ ಎಂದು ನಾಲ್ಕು ಚಿತ್ರ ತೆಗೆಯದೆ ಮುಂದೆ ಹೆಜ್ಜೆ ಇಡುವುದಿಲ್ಲ. ಅಳತೆಗೆ ಬೆರಳನ್ನೂ ಚೌಕಟ್ಟಿನೊಳಗೆ ಸೇರಿಸುತ್ತೇನೆ.

ಉತ್ತರ 2: ಪಕ್ಕದ ಚಿತ್ರದ ವಿಷಯದಲ್ಲಿ ಮೇಲಿನವರ ಮಾತು ನೂರಕ್ಕೆ ನೂರು ಸರಿ. ಕರ್ಣಕುಂಡಲದ ಜಾತಿಯ ಹೂಗಳು ಎದುರಿನಿಂದ ನೋಡಿದಾಗ ಅಕ್ಕತಂಗಿಯರಂತೆ ಕಂಡರೂ, ಹಿಂದಿನ ದಾರದಂಥ ಬಾಲ ಎಷ್ಟು ಉದ್ದ, ಎತ್ತ ಬಾಗಿದೆ ಎಂಬುದರಿಂದಲೇ ಎಷ್ಟೋ ಜಾತಿಗಳು ಬೇರೆಯಾಗುತ್ತವೆ. ಫೋನಿನ ಆ್ಯಪ್ ಒಂದು ನನ್ನ ಚಿತ್ರಕ್ಕೆ ಹಿಮಾಲಯದ ಜಾತಿಯೊಂದರ ಹೆಸರು ಕೊಟ್ಟಿತ್ತು! ಆ್ಯಪ್ ಹೇಳಿದ ಗಿಡ ಪಶ್ಚಿಮಘಟ್ಟದಲ್ಲಿ ಬೆಳೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಉತ್ತರ 3: ದಿನಾಂಕ ಮತ್ತು ಎತ್ತರವನ್ನು ಬರೆದಿಡಿ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಅದು ಅರಳಿದ್ದು 2022ರಲ್ಲಿ. ಅದೇ ಕುಲದ ಬೇರೆ ಜಾತಿಗಳ ಸುತ್ತು ಬೇರೆಯಾದ್ದರಿಂದ, ನೀಲಿ ಹೂ ಕಂಡಾಕ್ಷಣ ಕುರಿಂಜಿ ಎಂದು ಬರೆದುಕೊಳ್ಳಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ್ದರಿಂದ ಏನನ್ನೂ ಕೀಳುವಂತಿಲ್ಲ. ಎಲೆಯ ತುದಿಯೇ ಬಳ್ಳಿಯ ಕುಡಿಯಾಗಿ ಸುತ್ತಿಕೊಳ್ಳುವ, ಹಳದಿಯಿಂದ ಕೆಂಪಿಗೆ ತಿರುಗುವ ಎಸಳುಗಳ ಅಗ್ನಿಶಿಖೆಯ ಗೆಡ್ಡೆಯಲ್ಲಂತೂ ಕಾಲ್ಚಿಸಿನ್ ಎಂಬ ವಿಷವಿದೆ. ಇನ್ನು, ಹೂವಿನ ಮುಂದೆ ಮಂಡಿಯೂರುವ ಮೊದಲು ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದುಕೊಳ್ಳಿ. ಆ ತಿಂಗಳಲ್ಲಿ ಇಂಬಳಗಳು ನಿಮಗಿಂತ ಮೊದಲೇ ನಿಮ್ಮನ್ನು ಗುರುತು ಹಿಡಿದಿರುತ್ತವೆ.