ನಾಲ್ಕು ಶಾಸಕರನ್ನು ಕಂಡ ಹೊಂಡ

ವಕೀಲ ಭಟ್ರು ಬಿಳಿ ಪ್ಯಾಂಟಿನ ಮೊಣಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಹೋಟೆಲಿಗೆ ಬಂದಾಗಲೇ ಗೊತ್ತಾಯಿತು, ಇವತ್ತು ಜೂನ್ 5, ಪರಿಸರ ದಿನ ಅಂತ.

"ಎಲ್ಲಿ ಬಿದ್ದಿರಿ ಭಟ್ರೆ?" ಅಂದರು ಪೈ ಮಾಮ್.

"ಬಿದ್ದದ್ದಲ್ಲ ಮಾರಾಯ್ರೆ, ನೆಟ್ಟದ್ದು."

"ಶಾಲೆ ಗೇಟಿನ ಹತ್ತಿರದ ಹೊಂಡದಲ್ಲಿ ತಾನೇ?" ಮಾಷ್ಟ್ರು ಗೋಳಿಬಜೆಯನ್ನು ಎರಡು ಹೋಳು ಮಾಡಿ ಹಬೆ ಹೋಗಲಿ ಅಂತ ಬಿಟ್ಟರು. "ಒಳ್ಳೆ ಹೊಂಡ. ಹೋದ ವರ್ಷ ಸಂಪಿಗೆ, ಅದರ ಹಿಂದಿನ ವರ್ಷ ಮಹಾಗನಿ, ಅದಕ್ಕೂ ಮೊದಲು ಎಂತದೋ ಔಷಧಿ ಗಿಡ. ನಾಲ್ಕು ಶಾಸಕರನ್ನು ಕಂಡ ಹೊಂಡ ಅದು. ಈ ಊರಿನಲ್ಲಿ ಅಷ್ಟು ಅನುಭವ ಬೇರೆ ಯಾರಿಗೂ ಇಲ್ಲ."

ಭಟ್ರಿಗೆ ಸ್ವಲ್ಪ ಚುಚ್ಚಿತು. ರಸ್ತೆ ಬದಿಯಲ್ಲಿ ಅವರ ಫ್ಲೆಕ್ಸ್ ಬಂದು ಎರಡು ದಿನ ಆಗಿದೆ: 'ಪರಿಸರ ಪ್ರೇಮಿ, ಪರಿಸರ ವಕೀಲರು, ನಮ್ಮ ಮುಂದಿನ ಶಾಸಕರು'.

"ಅದನ್ನು ಕಟ್ಟಿದ್ದು ಎಂತದಕ್ಕೆ?" ಕೇಳಿದರು ಮಾಷ್ಟ್ರು.

"ಮಾವಿನ ಮರಕ್ಕೆ."

"ಮೊಳೆ ಹೊಡೆದಾ?"

"ನಾಲ್ಕೇ ನಾಲ್ಕು."

ಪೈ ಮಾಮ್‌ಗೆ ಚಾ ನೆತ್ತಿಗೇರಿತು. ಅವರು ಸುಧಾರಿಸಿಕೊಳ್ಳುವವರೆಗೆ ಭಟ್ರು ಸುಮ್ಮನಿದ್ದರು. ಆಮೇಲೆ ಕೋರ್ಟಿನಲ್ಲಿ ನಿಂತ ಹಾಗೆ ಶುರು ಮಾಡಿದರು. "ವಕೀಲರನ್ನು ತಮಾಷೆ ಮಾಡಬೇಡಿ. ತಾಜ್ ಮಹಲ್ ಹೊಗೆಯಿಂದ ಹಾಳಾಗುತ್ತಿದೆ ಅಂತ ಎಂ. ಸಿ. ಮೆಹ್ತಾ 1984ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. 292 ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬರಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಒಬ್ಬ ವಕೀಲ!"

"12 ವರ್ಷ," ಅಂದರು ಮಾಷ್ಟ್ರು. "ಅಷ್ಟರಲ್ಲಿ ಶಾಸಕನಿಗೆ ಎರಡು ಇಲೆಕ್ಷನ್ ಮುಗಿದಿರುತ್ತದೆ. ಮರವೂ ಅಷ್ಟೇ, ಕೇಸೂ ಅಷ್ಟೇ, ಐದು ವರ್ಷದೊಳಗೆ ಮುಗಿಯುವ ಜಾತಿ ಅಲ್ಲ. ಐದು ವರ್ಷಕ್ಕೆ ಅಳತೆ ಮಾಡಿದ ಹಾಗೆ ಕೂರುವುದು ಹೊಂಡ ಒಂದೇ."

"ವನಮಹೋತ್ಸವ ಶುರು ಮಾಡಿದ ಕೆ. ಎಂ. ಮುನ್ಷಿ ವಕೀಲರಲ್ವಾ? ಮುಂಬಯಿ ಪ್ರಾಂತ್ಯದಲ್ಲಿ ಗೆದ್ದು 1937ರಲ್ಲಿ ಗೃಹಮಂತ್ರಿ ಆದವರು. 1950ರಲ್ಲಿ ಕೇಂದ್ರದ ಕೃಷಿಮಂತ್ರಿ ಆಗಿದ್ದಾಗ ಇದನ್ನು ಶುರು ಮಾಡಿದರು."

"ಹಾಗಾದರೆ ಹೊಂಡದ ಮೂಲಪುರುಷರೂ ವಕೀಲರೇ ಅನ್ನಿ."

ಭಟ್ರು ಕಾನೂನಿಗೆ ಇಳಿದರು. ಮರ ಕಡಿಯಲು ಅನುಮತಿ ಬೇಕು, 50ಕ್ಕಿಂತ ಜಾಸ್ತಿ ಇದ್ದರೆ ಸಾರ್ವಜನಿಕರ ಆಕ್ಷೇಪ ಕೇಳಬೇಕು, ಇಂಥದ್ದೆಲ್ಲ ಜನರಿಗೆ ಗೊತ್ತೇ ಇಲ್ಲ ಅಂದರು.

"ಗೊತ್ತಿರಬೇಕಾದವರಿಗೆ ಗೊತ್ತುಂಟು," ಅಂದರು ಪೈ ಮಾಮ್. "ಅವರು ಒಂದು ಸಲಕ್ಕೆ 49 ಕಡಿಯುತ್ತಾರೆ." ಆಮೇಲೆ ಕುರ್ಚಿಯನ್ನು ಭಟ್ರ ಹತ್ತಿರ ಎಳೆದುಕೊಂಡರು. "ಅದಿರಲಿ. ನೀವು ಗೆದ್ದರೆ ನನ್ನದೊಂದು ಸಣ್ಣ ಕೆಲಸ. ಹೊಳೆ ಬದಿಯಲ್ಲಿ ಒಂದು ಹೋಂ ಸ್ಟೇ ಮಾಡುವ ಅಂತ. ಸಿಆರ್‌ಝಡ್ ಅಂತ ಕಡಲತೀರದ ಕಾನೂನು ಅಡ್ಡ ಬರುತ್ತದಂತೆ. ಸಮುದ್ರ ಎಲ್ಲೋ, ನಾನೆಲ್ಲೋ!"

"ಸಮುದ್ರದ ಭರತದ ನೀರು ಏರುವ ಹೊಳೆಗೂ ಅದು ಲಾಗೂ," ಅಂದರು ಭಟ್ರು, ಇನ್ನೂ ವಕೀಲರಾಗಿಯೇ. ಆಮೇಲೆ ಪೈ ಮಾಮ್ ಮನೆಯಲ್ಲಿ ಹನ್ನೊಂದು ಓಟು ಇದೆ ಅನ್ನುವುದು ನೆನಪಾಯಿತೋ ಏನೋ, "ನೋಡುವ, ಏನಾದರೂ ಮಾಡುವ" ಅಂದರು.

"ನೋಡಿ, ವಕೀಲ ಹೋದ, ಶಾಸಕ ಬಂದ," ಅಂದರು ಮಾಷ್ಟ್ರು. "ಒಂದು ಚಾ ಮುಗಿಯುವುದರೊಳಗೆ. ಇಲೆಕ್ಷನ್ನೇ ಬೇಕಾಗಲಿಲ್ಲ."

ಭಟ್ರು ನಕ್ಕರು. ಪಾಪ, ಒಳ್ಳೆ ಮನುಷ್ಯ. ಹೊಳೆಗೆ ಕೊಳಕು ನೀರು ಬಿಡುವವರ ಮೇಲೆ ಒಂದು ಕಾಸು ತೆಗೆದುಕೊಳ್ಳದೆ ಕೇಸು ನಡೆಸಿದ್ದಾರೆ. ಆ ಕೇಸಿನ ಫೈಲು ಈಗ ಅವರ ಮಗಳಿಗಿಂತ ಎತ್ತರ ಇದೆ. ಅದಕ್ಕೊಂದು ಫ್ಲೆಕ್ಸ್ ಹಾಕಿಸುವುದು ಅವರಿಗೆ ಹೊಳೆದೇ ಇಲ್ಲ.

"ಹಾಗಾದರೆ ನಿಲ್ಲುವುದೇ ಬೇಡವಾ ಮಾಷ್ಟ್ರೆ?"

"ಬೇಡ ಅಂತ ನಾನೆಲ್ಲಿ ಹೇಳಿದೆ? ನಮ್ಮ ಕೋಟದ ಕಾರಂತರು ನಿಲ್ಲಲಿಲ್ಲವಾ? 1989ರಲ್ಲಿ, 87 ವರ್ಷ ಪ್ರಾಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ. ಕೈಗಾದಲ್ಲಿ ಅಣುಸ್ಥಾವರ ಬೇಡ ಅಂತ."

"ಎಂತ ಆಯಿತು?"

"ಸೋತರು. ಕೈಗಾ ಬಂತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೋಳಿಬಜೆ ತಣ್ಣಗಾಗಿ ಎಣ್ಣೆ ಬಿಟ್ಟಿತ್ತು. ಹೊರಗೆ ದೊಡ್ಡ ದೊಡ್ಡ ಹನಿ ಬೀಳಲು ಶುರುವಾಯಿತು. "ಗಿಡಕ್ಕೆ ನೀರು ಆಯಿತು," ಅಂದರು ಭಟ್ರು.

"ಹೊಂಡಕ್ಕೆ," ಅಂದರು ಮಾಷ್ಟ್ರು.

ವಾಪಸು ಹೋಗುವಾಗ ನಾನೂ ಮಾಷ್ಟ್ರೂ ಒಂದೇ ಸರ್ವಿಸ್ ಬಸ್ಸಿನಲ್ಲಿದ್ದೆವು. ರಸ್ತೆ ಅಗಲ ಮಾಡುವ ಮೊದಲು ಆ ದಾರಿಯಲ್ಲಿ ಎರಡೂ ಬದಿ ಧೂಪದ ಮರಗಳಿದ್ದವು. ಮಳೆ ನಿಂತ ಮೇಲೂ ಕಾಲು ಗಂಟೆ ಅವುಗಳ ಕೆಳಗೆ ಹನಿ ಬೀಳುತ್ತಿತ್ತು. ಮಾಷ್ಟ್ರು ಕಿಟಕಿಯ ಟರ್ಪಾಲನ್ನು ಬೆರಳಿನಷ್ಟು ಎತ್ತಿ ಹೊರಗೆ ನೋಡುತ್ತಿದ್ದರು.

"ಧೂಪದ ಮರ, ಧೂಪದ ಮರ, ಜಪ್ಪುಲೆ!" ಕೂಗಿದ ಕಂಡಕ್ಟರ್. ಹುಡುಗ. ಮರ ಕಡಿದ ವರ್ಷ ಅವನು ಹುಟ್ಟಿದ್ದನೋ ಇಲ್ಲವೋ.

ಇಬ್ಬರು ಇಳಿದು, ನಿಂತಲ್ಲೇ ಕೊಡೆ ಬಿಡಿಸಿದರು.