ಬೌದ್ಧಿಕ ಅಸಾಮರ್ಥ್ಯ ಇರುವ ವಯಸ್ಕರ ಆರೋಗ್ಯ ಸಮೀಕ್ಷೆ: ಸಹಿ ಯಾರದ್ದು, ಉತ್ತರ ಯಾರದ್ದು?

ತಾಲ್ಲೂಕು_ಸಮೀಕ್ಷೆ:

ಎರಡು ತಾಲ್ಲೂಕುಗಳಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವ, 18 ದಾಟಿದ ಸುಮಾರು 120 ಜನರ ಆರೋಗ್ಯ ಮತ್ತು ಅವರಿಗೆ ಸಿಗುತ್ತಿರುವ ನೆರವಿನ ಬಗ್ಗೆ ಅಧ್ಯಯನ ಮಾಡುವ ಯೋಜನೆ. ಪ್ರಶ್ನಾವಳಿ ಸದ್ಯಕ್ಕೆ 9 ಪುಟ. ಹೆಸರುಗಳು ಯುಡಿಐಡಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ) ಕಾರ್ಡ್ ಪಟ್ಟಿಯಿಂದ. ತಾಯಿ ಅಥವಾ ತಂದೆಯ ಸಹಿ ಪಡೆದು, ಅವರನ್ನೇ ಕೇಳಿ ತುಂಬಿಸುವುದು ಅಂತ ಕರಡಿನಲ್ಲಿದೆ. ಅಳತೆ ಅಂದರೆ ತೂಕ ಮತ್ತು ಬಿಪಿ, ಅಷ್ಟೆ. ಸಂಸ್ಥೆಯ ನೈತಿಕ ಸಮಿತಿಗೆ ಕಳಿಸುವ ಮೊದಲು ಇದರಲ್ಲಿ ಏನು ತಪ್ಪಿದೆ ಹೇಳಿ. ಆಶಾ ಕಾರ್ಯಕರ್ತೆಯರ ಜೊತೆ ಮನೆಗೆ ಹೋಗಿ ಇನ್ನೇನು ಅಳೆಯಬಹುದು?

ಕಡತ_ಕಲಂ:

ಮೊದಲು ಸಹಿ. 18 ತುಂಬಿದ ದಿನಕ್ಕೆ ತಂದೆತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ. ಆಮೇಲೂ ಪಾಲಕರಾಗಿರಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿಂದ ನೇಮಕಪತ್ರ ಬೇಕು. ಎಷ್ಟೋ ಮನೆಗಳಲ್ಲಿ ಅದು ಇರುವುದಿಲ್ಲ, ಹಾಗಾಗಿ ‘ಪಾಲಕರ ಸಹಿ’ ಎಂಬ ಕಾಲಂ ಅರ್ಧಕ್ಕರ್ಧ ಪೊಳ್ಳು. ನೇಮಕಪತ್ರ ಇದೆಯೇ ಇಲ್ಲವೇ ಎಂಬುದನ್ನೇ ಒಂದು ಪ್ರಶ್ನೆ ಮಾಡಿ, ಅದೇ ಒಂದು ಫಲಿತಾಂಶ.

ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 6ನೇ ಕಲಂ ಎರಡು ಷರತ್ತು ಹಾಕುತ್ತದೆ. ಒಂದು, ಆ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಅವರದೇ ಒಪ್ಪಿಗೆ ಪಡೆಯಬೇಕು. ಎರಡು, ಸರ್ಕಾರ ರಚಿಸುವ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಇರಬೇಕು. ಸಂಸ್ಥೆಯ ನೈತಿಕ ಸಮಿತಿ ಬೇರೆ, ಇದು ಬೇರೆ. ಒಂದರ ಅನುಮತಿ ಇನ್ನೊಂದಕ್ಕೆ ಸಾಲದು, ಬಹಳ ಜನ ಎಡವುವುದೇ ಇಲ್ಲಿ. ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ ಲಿಖಿತವಾಗಿ ಅರ್ಜಿ ಕೊಟ್ಟು, ಬಂದ ಉತ್ತರವನ್ನು ಕಡತದಲ್ಲಿಡಿ.

ಒಪ್ಪಿಗೆ ಪಡೆಯುವ ಕ್ರಮ: 6ರಿಂದ 8 ಚಿತ್ರದ ಹಾಳೆ, ಹಾಳೆಗೊಂದೇ ವಿಷಯ. ಓದಿ ತೋರಿಸಿದ ಮೇಲೆ ನಾಲ್ಕು ಪ್ರಶ್ನೆ. ನಾವು ಏನು ಮಾಡ್ತೀವಿ? ಎಷ್ಟು ಹೊತ್ತು? ಮಧ್ಯದಲ್ಲಿ ಬೇಡ ಅನ್ನಿಸಿದರೆ ಏನು ಮಾಡ್ತೀರಿ? ಬೇಡ ಅಂದರೆ ನಿಮ್ಮ ಪಿಂಚಣಿ ನಿಲ್ಲುತ್ತಾ? ಕೊನೆಯದನ್ನು ಬಿಡಲೇಬೇಡಿ. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಬಂದವರಿಗೆ ‘ಬೇಡ’ ಅಂದರೆ ಪಿಂಚಣಿ ಹೋಗುತ್ತದೆ ಎಂಬ ಭಯ ಮನೆಯವರಿಗೂ ಇರುತ್ತದೆ. ಉತ್ತರ ತಪ್ಪಿದರೆ ಇನ್ನೊಮ್ಮೆ ಹೇಳಿ. ಒಂದು ದಿನ ಬಿಟ್ಟು ಹೋಗಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಸಾಕ್ಷಿ ಮನೆಯವರಲ್ಲದೆ, ನಿಮ್ಮ ತಂಡದವರೂ ಅಲ್ಲದೆ ಮೂರನೆಯವರಾಗಿರಲಿ.

ಮಾತು_ಚಿತ್ರ:

ತಾಯಿಯನ್ನೇ ಕೇಳಿ ತುಂಬಿಸಿದರೆ ಅದು ತಾಯಂದಿರ ಸಮೀಕ್ಷೆಯಾಗುತ್ತದೆ. ಮಾತ್ರೆ, ಫಿಟ್ಸ್, ಆಸ್ಪತ್ರೆಗೆ ಹೋದದ್ದು, ಇಂಥ ಕಣ್ಣಿಗೆ ಕಾಣುವ ಸಂಗತಿಗಳನ್ನು ತಾಯಿ ಸರಿಯಾಗಿಯೇ ಹೇಳುತ್ತಾರೆ. ನೋವು, ಒಂಟಿತನ, ಇಷ್ಟಾನಿಷ್ಟ ಮಾತ್ರ ಅವರ ಬಾಯಲ್ಲಿ ಬೇರೆಯೇ ಆಗುತ್ತದೆ. ಪ್ರತಿ ಪ್ರಶ್ನೆಯ ಪಕ್ಕ ‘ಉತ್ತರಿಸಿದವರು’ ಅಂತ ಒಂದು ಖಾನೆ ಇಡಿ. ಇಬ್ಬರ ಉತ್ತರವನ್ನೂ ಒಂದೇ ಕಾಲಂಗೆ ಯಾವತ್ತೂ ಬೆರೆಸಬೇಡಿ.

ಅವರನ್ನೇ ಕೇಳುವಾಗ ಎದುರಾಗುವ ದೊಡ್ಡ ತೊಡಕು ‘ಹ್ಞೂಂ’. ಹೌದು-ಇಲ್ಲ ಪ್ರಶ್ನೆಗೆ ಹೌದು ಅನ್ನುವುದು ಸುಲಭ, ಕೇಳಿದವರಿಗೂ ಖುಷಿ. ‘ಇಲ್ಲಿ ಖುಷಿಯಾಗಿದ್ದೀರಾ?’ಗೂ ಹ್ಞೂಂ, ಹತ್ತು ನಿಮಿಷ ಬಿಟ್ಟು ‘ಇಲ್ಲಿ ಬೇಜಾರಾಗುತ್ತಾ?’ಗೂ ಹ್ಞೂಂ. ಇಂಥ ಎರಡು ಮೂರು ವಿರುದ್ಧ ಜೋಡಿಗಳನ್ನು ದೂರ ದೂರ ಇಟ್ಟರೆ ಯಾರ ಹೌದು-ಇಲ್ಲವನ್ನು ನಂಬಬಾರದು ಅಂತ ಗೊತ್ತಾಗುತ್ತದೆ. ಅಂಥವರಿಗೆ ಎರಡು ಚಿತ್ರ ಮುಂದಿಟ್ಟು ಆರಿಸಲು ಹೇಳಿ. ಕೊನೆಯಲ್ಲಿ ಹೇಳಿದ್ದನ್ನೇ ಆರಿಸುವ ಅಭ್ಯಾಸವೂ ಇರುವುದರಿಂದ ಎಡಬಲ ಅದಲುಬದಲು ಮಾಡಿ ಇನ್ನೊಮ್ಮೆ ಕೇಳಬೇಕು. ಮುಖದ ಚಿತ್ರಗಳ ಮಾಪಕದಲ್ಲಿ ಮೂರೇ ಮುಖ ಇರಲಿ. ಐದು ಮುಖ ಇಟ್ಟರೆ ನಡುವಿನ ಮೂರಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಕನ್ನಡದ್ದೇ ಒಂದು ಗೋಳಿದೆ. ‘ಒಬ್ಬರೇ ಅನ್ನಿಸಲ್ವಾ?’ ಅಂತ ಕೇಳಿ ‘ಹೌದು’ ಅಂದರೆ ಅನ್ನಿಸುತ್ತೆ ಅಂತಲೋ, ಅನ್ನಿಸಲ್ಲ ಅಂತಲೋ? ‘ಅಲ್ವಾ’, ‘ಇಲ್ವಾ’, ‘ಬೇಡ್ವಾ’ದಿಂದ ಮುಗಿಯುವ ಪ್ರಶ್ನೆಗಳನ್ನೆಲ್ಲ ಹುಡುಕಿ ತೆಗೆಯಿರಿ. ‘ಕಳೆದ ಎರಡು ವಾರದಲ್ಲಿ’ ಅನ್ನುವುದೂ ಕೆಲಸ ಮಾಡುವುದಿಲ್ಲ. ‘ಹೋದ ಸಂತೆಯಿಂದ ಈಚೆಗೆ’, ‘ಗಣೇಶನ ಹಬ್ಬ ಆದ ಮೇಲೆ’ ಅಂದರೆ ಹಿಡಿತ ಸಿಗುತ್ತದೆ. 40 ವರ್ಷದವರನ್ನು ‘ಪುಟ್ಟಾ, ಏನು ತಿಂದೆ’ ಅಂತ ಮಾತಾಡಿಸಿದರೆ ಪುಟ್ಟನ ಉತ್ತರವೇ ಬರುತ್ತದೆ. ಬಹುವಚನ ಬಳಸಿ.

ಒಂದು ಸಲಕ್ಕೆ 25 ನಿಮಿಷ ಸಾಕು. 9 ಪುಟ ಅಂದರೆ ಎರಡು ಭೇಟಿ. ತಾಯಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಮಾತು ಕೇಳುವಷ್ಟು ಹತ್ತಿರ ಬೇಡ. ಅಷ್ಟು ಹೊತ್ತು ಅವರಿಗೆ ಮಾತ್ರೆಗಳ ಚೀಟಿ ಹುಡುಕುವ ಕೆಲಸ ಕೊಡಿ, ಅದು ಹೇಗೂ ಬೇಕು.

ಸ್ಟೆತಸ್ಕೋಪ್:

ಈ ಜನರಲ್ಲಿ ಕಾಯಿಲೆ ಕಾಣದೆ ಹೋಗುವುದು ಅಪರೂಪದ ರೋಗ ಎಂಬ ಕಾರಣಕ್ಕಲ್ಲ. ತಲೆ ಚಚ್ಚಿಕೊಂಡರೆ ‘ಅವನು ಹಾಗೇ’ ಅಂತ ಬಿಟ್ಟುಬಿಡುತ್ತಾರೆ, ಕೊನೆಗೆ ನೋಡಿದರೆ ದವಡೆ ಹಲ್ಲು ಕೊಳೆತಿರುತ್ತದೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಬಂದ ಸಾವುಗಳ ತನಿಖೆಯಲ್ಲಿ, ಬೌದ್ಧಿಕ ಅಸಾಮರ್ಥ್ಯ ಇರುವ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ತೀರಿಕೊಳ್ಳುತ್ತಿದ್ದರು. ಪತ್ತೆ ಮತ್ತು ಚಿಕಿತ್ಸೆ ತಡವಾಗುವುದು ದೊಡ್ಡ ಕಾರಣ. ಅಲ್ಲಿ 14 ದಾಟಿದವರಿಗೆ ವಾರ್ಷಿಕ ತಪಾಸಣೆ ಇದೆ, ನಿಮ್ಮ ಪಟ್ಟಿಗೆ ಅದೇ ಒಳ್ಳೆಯ ಚೌಕಟ್ಟು.

ಕಿವಿ: ಆಟೊಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಸಾಧನ) ಹಾಕಿ ಗುಗ್ಗೆ ನೋಡದೆ ಕೇಳಿಸುವಿಕೆಯ ಪರೀಕ್ಷೆ ಮಾಡಬೇಡಿ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಮೊದಲು ವೈದ್ಯರಿಂದ ತೆಗೆಸಿ, ಆಮೇಲೆ ಪರೀಕ್ಷಿಸಿ. ಇಲ್ಲದಿದ್ದರೆ ‘ಶ್ರವಣ ದೋಷ’ದ ಸಂಖ್ಯೆ ಸುಮ್ಮನೆ ಉಬ್ಬುತ್ತದೆ.

ಕಣ್ಣು: ತಿರುಗಿಸಿದ ‘ಇ’ ಅಕ್ಷರದ ಚಾರ್ಟ್ ಬೇಡ. ಎಡ-ಬಲ ಗೊತ್ತಾಗದವರೆಲ್ಲ ದೃಷ್ಟಿ ಇಲ್ಲದವರ ಲೆಕ್ಕಕ್ಕೆ ಸೇರುತ್ತಾರೆ. ಮನೆ, ಸೇಬು, ವೃತ್ತ, ಚೌಕ ಇರುವ ಲಿಯಾ ಚಿಹ್ನೆಗಳ ಚಾರ್ಟ್ 3 ಮೀಟರ್ ದೂರದಲ್ಲಿಟ್ಟು, ಅದೇ ನಾಲ್ಕು ಚಿತ್ರಗಳ ಕಾರ್ಡ್ ಕೈಗೆ ಕೊಟ್ಟು ಮುಟ್ಟಿ ತೋರಿಸಲು ಹೇಳಿ.

ಬಿಪಿ: ಪಟ್ಟಿಯನ್ನು ಮೊದಲು ತಾಯಿಯ ತೋಳಿಗೆ ಕಟ್ಟಿ ತೋರಿಸಿ. 5 ನಿಮಿಷ ಕೂರಿಸಿ ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದ ಎರಡರ ಸರಾಸರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಹೆಚ್ಚು ತೋರಿಸುತ್ತದೆ. ನಿಲ್ಲಲಾಗದವರ ತೂಕಕ್ಕೆ ಒಬ್ಬರು ಎತ್ತಿಕೊಂಡು ನಿಂತು, ಆಮೇಲೆ ಅವರ ತೂಕ ಕಳೆಯುವುದು. ಎತ್ತಲಾಗದಿದ್ದರೆ ಬಲವಂತ ಬೇಡ, ಸೊಂಟದ ಸುತ್ತಳತೆ ಬರೆದುಕೊಳ್ಳಿ.

ಮಲಬದ್ಧತೆಯನ್ನು ಯಾರೂ ಕೇಳುವುದಿಲ್ಲ. ಇದರಿಂದಲೇ ಸತ್ತವರಿದ್ದಾರೆ. ಏಳು ಬಗೆಯ ಮಲದ ಚಿತ್ರಗಳಿರುವ ಬ್ರಿಸ್ಟಲ್ ಚಾರ್ಟ್ ತೋರಿಸಿದರೆ ನಾಚಿಕೆಯೂ ಕಡಿಮೆ, 1 ಮತ್ತು 2ನೇ ಬಗೆ ಬಂದರೆ ಮಾತ್ರೆಗಳ ಕಡೆ ನೋಡಿ.

ಮಾತ್ರೆಗಳ ಹೆಸರನ್ನು ಬಾಯಲ್ಲಿ ಕೇಳಬೇಡಿ, ಮಾತ್ರೆಯ ಸ್ಟ್ರಿಪ್ ಮತ್ತು ಚೀಟಿ ತರಿಸಿ ನೋಡಿ ಬರೆಯಿರಿ: ಹೆಸರು, ಮಿಲಿಗ್ರಾಂ, ಯಾವ ವರ್ಷದಿಂದ, ಯಾವ ಕಾಯಿಲೆಗೆ. ‘ಸಿಟ್ಟಿಗೆ’ ಅಂತ ಶುರುವಾದ ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ, ಅದರ ಅಡ್ಡಪರಿಣಾಮ ತಡೆಯಲು ಜೊತೆಗೆ ಟ್ರೈಹೆಕ್ಸಿಫೆನಿಡಿಲ್, ಹತ್ತು ವರ್ಷವಾದರೂ ಮರುಪರಿಶೀಲನೆ ಇಲ್ಲ, ಇದು ಪರಿಚಿತ ಜೋಡಿ. ಮೊದಲನೆಯದು ತೂಕ ಏರಿಸುತ್ತದೆ, ಎರಡನೆಯದು ಬಾಯಿ ಒಣಗಿಸಿ ಮಲ ಕಟ್ಟಿಸುತ್ತದೆ. ಆದರೆ ಸಮೀಕ್ಷೆಗೆ ಹೋದವರು ‘ಇದನ್ನು ನಿಲ್ಲಿಸಿ’ ಅನ್ನಬಾರದು. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರಂತೂ ಜೀವಕ್ಕೇ ಅಪಾಯ.

ಡೌನ್ ಸಿಂಡ್ರೋಮ್ ಇರುವವರನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಿ. ಅವರಿಗೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕೇ ಬೇಕು. 40 ದಾಟಿದವರಲ್ಲಿ ಅಲ್ಝೈಮರ್ ಕೂಡ ನೋಡಬೇಕು, ಏಕೆಂದರೆ ಅಮಿಲಾಯ್ಡ್ ಪ್ರೋಟೀನಿನ ವಂಶವಾಹಿ ಇರುವುದು 21ನೇ ವರ್ಣತಂತುವಿನಲ್ಲೇ, ಆ ವರ್ಣತಂತು ಇವರಲ್ಲಿ ಎರಡರ ಬದಲು ಮೂರು. ಮೊದಲು ಹೇಗಿದ್ದರು ಅಂತ ಗೊತ್ತಿಲ್ಲದೆ ಇಳಿಕೆ ಅಳೆಯಲಾಗುವುದಿಲ್ಲ. ಮನೆಯವರ ಫೋನಿನಲ್ಲೇ ಅಂಗಿ ಗುಂಡಿ ಹಾಕುವುದು, ಚಹಾ ಸೋಸುವುದರ ಎರಡು ನಿಮಿಷದ ವಿಡಿಯೊ ಮಾಡಿಸಿ ಇಡಿ, ಮುಂದಿನ ವರ್ಷ ಅದೇ ಅಳತೆಗೋಲು. ಥೈರಾಯ್ಡ್, ಕಿವಿ, ಖಿನ್ನತೆ, ಗೊರಕೆ ಜೊತೆ ಉಸಿರುಕಟ್ಟುವಿಕೆ, ಮನೆಯಲ್ಲೊಂದು ಸಾವು, ಇವೂ ಥೇಟ್ ಮರೆವಿನಂತೆಯೇ ಕಾಣುತ್ತವೆ.

ಊರೂರು:

ಎಲ್ಲರೂ ಬಿಟ್ಟದ್ದು ಪಟ್ಟಿಯ ವಿಷಯ. ಯುಡಿಐಡಿ ಪಟ್ಟಿಯಲ್ಲಿರುವುದು ಪ್ರಮಾಣಪತ್ರಕ್ಕೆ ಓಡಾಡಲು ಯಾರಾದರೂ ಇದ್ದವರು. ಅಲ್ಪ ಪ್ರಮಾಣದ ಅಸಾಮರ್ಥ್ಯ ಇದ್ದು ಕೂಲಿಗೆ ಹೋಗುವವರು, ಮನೆಯೊಳಗೇ ಉಳಿದ ಹೆಂಗಸರು ತಪ್ಪಿಹೋಗುತ್ತಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಶಾ, ಪಡಿತರ ಅಂಗಡಿ, ಮೂರು ಕಡೆಯಿಂದ ಬೇರೆ ಬೇರೆ ಪಟ್ಟಿ ಮಾಡಿ ಹೋಲಿಸಿ. ‘ಬುದ್ಧಿಮಾಂದ್ಯರು ಯಾರಿದ್ದಾರೆ’ ಅಂತ ಕೇಳಿದರೆ ಬಾಗಿಲು ಮುಚ್ಚುತ್ತದೆ. ‘ದೊಡ್ಡವರಾದರೂ ದುಡ್ಡಿನ ಲೆಕ್ಕಕ್ಕೆ, ಬಸ್ ಹತ್ತೋಕೆ ಜೊತೆಗೊಬ್ಬರು ಬೇಕಾದವರು?’ ಅಂತ ಕೇಳಿ. ಅದು ಬರೀ ಹುಡುಕಾಟ, ನಿರ್ಣಯ ಅಲ್ಲ.

ಹೋಲಿಕೆಗೆ ಬೇರೆ ಗುಂಪು ಹುಡುಕಬೇಡಿ. ಅದೇ ಮನೆಯ, ವಯಸ್ಸಿನಲ್ಲಿ ಹತ್ತಿರದ ಅಣ್ಣ-ತಮ್ಮ, ಅಕ್ಕ-ತಂಗಿಯ ಬಿಪಿ, ಹಲ್ಲು, ಕನ್ನಡಕ ನೋಡಿದರೆ ಬಡತನ ಎಷ್ಟು, ಅಸಡ್ಡೆ ಎಷ್ಟು ಅಂತ ಬೇರೆ ಬೇರೆಯಾಗಿ ಕಾಣುತ್ತದೆ.

ನೆರವಿನ ಭಾಗದಲ್ಲಿ ‘ನೆರವು ಸಿಗುತ್ತಿದೆಯೇ’ ಅನ್ನುವ ಪ್ರಶ್ನೆ ದಂಡ. ಕಳೆದ ಏಳು ದಿನ ಸ್ನಾನ, ಮಾತ್ರೆ, ದುಡ್ಡು, ಹೊರಗೆ ಕರೆದೊಯ್ಯುವುದು ಯಾರು ಮಾಡಿದರು, ಅವರ ವಯಸ್ಸೆಷ್ಟು? ಅವರಿಗೆ ಜ್ವರ ಬಂದರೆ ಯಾರು? ಆ ಎರಡನೇ ಹೆಸರಿನ ಖಾನೆ ಖಾಲಿ ಉಳಿದದ್ದನ್ನು ‘ಮಾಹಿತಿ ಇಲ್ಲ’ ಅಂತ ನಮೂದಿಸಬೇಡಿ, ‘ಯಾರೂ ಇಲ್ಲ’ ಅಂತ ಬರೆಯಿರಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ‘ಇದೆ’ ಅಂದರೆ ನಂಬದೆ ಕಾರ್ಡ್ ನೋಡಿ. 1 ಲಕ್ಷದವರೆಗಿನ ವಿಮೆ ಅದು, ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಿಸದ ಕಾರ್ಡೇ ಟ್ರಂಕಿನಲ್ಲಿ ಭದ್ರವಾಗಿರುತ್ತದೆ.

ತಾಲ್ಲೂಕು_ಸಮೀಕ್ಷೆ:

9 ಪುಟವನ್ನು ಹರಿದು ಹೊಸದಾಗಿ ಬರೆಯುವುದೇ ಸರಿ ಅನ್ನಿಸುತ್ತಿದೆ. ಇನ್ನೊಂದೇ ಪ್ರಶ್ನೆ: ಮಾತೇ ಇಲ್ಲದವರ ಒಪ್ಪಿಗೆ?

ಮಾತು_ಚಿತ್ರ:

ಅವರು ‘ಬೇಡ’ವನ್ನು ಹೇಗೆ ಹೇಳುತ್ತಾರೆ ಅಂತ ಮನೆಯವರನ್ನು ಕೇಳಿ ಮೊದಲೇ ಬರೆದಿಟ್ಟುಕೊಳ್ಳಿ: ಮುಖ ತಿರುಗಿಸುವುದು, ಕೈ ದೂಡುವುದು, ಎದ್ದು ಹೋಗುವುದು, ಉಸಿರು ಬಿಗಿ ಹಿಡಿಯುವುದು. ಕಾನೂನು ಪಾಲಕರಿದ್ದು ಅವರು ಒಪ್ಪಿದ್ದರೂ, ಆ ಪಟ್ಟಿಯಲ್ಲಿರುವ ಒಂದು ಗುರುತು ಕಂಡರೆ ಬಿಪಿ ಪಟ್ಟಿ ಬಿಚ್ಚಿ. ಇನ್ನೊಂದು ದಿನ ಪ್ರಯತ್ನಿಸಿ, ಆಗಲೂ ಅದೇ ಆದರೆ ‘ನಿರಾಕರಿಸಿದರು’ ಅಂತ ಬರೆಯಿರಿ. ‘ಸಹಕರಿಸಲಿಲ್ಲ’ ಅಂತಲ್ಲ.

ಸ್ಟೆತಸ್ಕೋಪ್:

ಜೊತೆಗೆ, ಕ್ಷೇತ್ರಕ್ಕಿಳಿಯುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಮಾತಾಡಿ ರೆಫರಲ್ ಚೀಟಿ ಅಚ್ಚು ಹಾಕಿಸಿಕೊಳ್ಳಿ. 180/110ರಷ್ಟು ಅಪಾಯಕ್ಕೇರಿದ ಬಿಪಿ ಸಿಕ್ಕಿದ ಮನೆಯಿಂದ ಬರೀ ಅಂಕಿ ಬರೆದುಕೊಂಡು ಎದ್ದು ಬರಲಾಗುವುದಿಲ್ಲ.