ಲೋಡ್ ಹಾಕದೆಯೇ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಿದೆ, ಸದ್ದೂ ಜಾಸ್ತಿ

ತಂತಿಸುತ್ತ:
ಆಂಪ್ಲಿಫೈಯರ್‌ಗೆ ಅಂತ 12-0-12 (ನಡುವಿನ ಟ್ಯಾಪ್‌ನಿಂದ ಎರಡೂ ಕಡೆ 12 ವೋಲ್ಟ್), 3 ಆಂಪ್ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತಿದೆ. ಸೆಕೆಂಡರಿಗೆ (ವೋಲ್ಟೇಜ್ ಹೊರಬರುವ ವೈಂಡಿಂಗ್‌ಗೆ) ಏನೂ ಜೋಡಿಸಿಲ್ಲ. ಆದರೂ ಒಂದೆರಡು ಗಂಟೆ ಬಿಟ್ಟರೆ ಕೈ ಇಡಲು ಆಗುವುದಿಲ್ಲ. ಗುಂಯ್ ಅನ್ನುವ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ವೋಲ್ಟೇಜ್ ಮಾತ್ರ ಸರಿಯಾಗಿ ಬರುತ್ತಿದೆ. ತಲೆ ಕೆಟ್ಟುಹೋಗಿದೆ. ಯಾರಾದರೂ ಹೇಳಿ.

ವಾರ್ನಿಷ್_ವಾಸನೆ:
ಒಳಗೆ ಸುತ್ತು ಶಾರ್ಟ್ ಆಗಿದೆ. ತಂತಿಯ ಎನಾಮೆಲ್ ಕೆರೆದುಹೋಗಿರುತ್ತದೆ. ಬಿಚ್ಚಿ ಮತ್ತೆ ಸುತ್ತಿ, ಬೇರೆ ದಾರಿ ಇಲ್ಲ.

ಲೆಕ್ಕದ_ಪುಸ್ತಕ:
ಬಿಚ್ಚುವುದಕ್ಕೆ ಮೊದಲು ಅಳತೆ ಕೊಡಿ ಸರ್. ಕೋರ್‌ನ (ಒಳಗಿನ ಕಬ್ಬಿಣದ) ನಡುಕಾಲು ಎಷ್ಟು ಅಗಲ, ಸ್ಟ್ಯಾಂಪಿಂಗ್ (ಕೋರ್‌ನ ತಗಡುಗಳು) ಒಟ್ಟು ಎಷ್ಟು ದಪ್ಪ, ಪ್ರೈಮರಿ (ಮೇನ್ಸ್ ಕೊಡುವ ವೈಂಡಿಂಗ್) ಎಷ್ಟು ಸುತ್ತು?

ತಂತಿಸುತ್ತ:
ನಡುಕಾಲು 32 ಮಿ.ಮೀ., ದಪ್ಪ 38. ಪ್ರೈಮರಿ 26 ಗೇಜ್, 920 ಸುತ್ತು. ಸೆಕೆಂಡರಿ 18 ಗೇಜ್, ನಡುವೆ ಟ್ಯಾಪ್ ತೆಗೆದು 100 ಸುತ್ತು.

ಲೆಕ್ಕದ_ಪುಸ್ತಕ:
ಹಾಗಾದರೆ ಕೋರ್ ಸುಮಾರು 12 ಚದರ ಸೆ.ಮೀ. ನಮ್ಮ 50 ಹರ್ಟ್ಜ್‌ಗೆ, ಕೋರ್‌ನಲ್ಲಿ ಕಾಂತ ಸಾಂದ್ರತೆ 1 ಟೆಸ್ಲಾ ಹಿಡಿದರೆ, 45 ಭಾಗಿಸು 12. ವೋಲ್ಟಿಗೆ 3.75 ಸುತ್ತು. ನೀವು 4 (920 ಭಾಗಿಸು 230) ಹಾಕಿದ್ದೀರಿ. ಸೆಕೆಂಡರಿಗೆ ಲೋಡ್‌ನಲ್ಲಿ ಬೀಳುವ ವೋಲ್ಟೇಜ್‌ಗೆ ಅಂತ ನಾಲ್ಕು ಸುತ್ತು ಜಾಸ್ತಿಯೂ ಇದೆ. ಕೋರ್ ಸ್ಯಾಚುರೇಟ್ ಆಗುವ (ಇನ್ನು ಕಾಂತತೆ ಹಿಡಿಯದಷ್ಟು ತುಂಬುವ) ಮಾತೇ ಇಲ್ಲ.

ವಾರ್ನಿಷ್_ವಾಸನೆ:
ಲೆಕ್ಕ ಸರಿ ಇದ್ದರೂ ಶಾರ್ಟ್ ಶಾರ್ಟೇ. ಪದರಗಳ ನಡುವೆ ಪೇಪರ್ ಹಾಕಿದ್ರಾ? ಅದನ್ನು ಬಿಟ್ಟರೆ ಹೀಗೇ ಆಗುವುದು.

ಬಳೆ_ಕೋರ್:
ಇನ್ನೂ ಇ-ಐ ಕೋರ್ (E, I ಆಕಾರದ ತಗಡಿನದು) ಯಾಕೆ? ನನ್ನ ಸೆಟ್‌ನಲ್ಲಿ ಎರಡು ಚಾನೆಲ್‌ಗೆ ಎರಡು ಟೊರಾಯ್ಡ್ (ಬಳೆ ಆಕಾರದ ಕೋರ್‌ನವು), 300 ವಿ.ಎ. (ವೋಲ್ಟ್ ಗುಣಿಸು ಆಂಪ್) ಒಂದೊಂದು. ರಾತ್ರಿ ಕಿವಿ ಹತ್ತಿರ ಇಟ್ಟರೂ ಸದ್ದಿಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ವಾರ್ನಿಷ್_ವಾಸನೆ:
ಟೊರಾಯ್ಡ್ ಆನ್ ಮಾಡಿದ ಕ್ಷಣ ಎಳೆಯುವ ಕರೆಂಟಿಗೆ ಫ್ಯೂಸ್ ಹೋಗುತ್ತದೆ, ಅದನ್ನೂ ಹೇಳಿ. ಮನೆಯಲ್ಲಿ ಕೈಯಿಂದ ಸುತ್ತುವವರಿಗೆ ಇ-ಐ ವಾಸಿ.

ಬಳೆ_ಕೋರ್:
ಸಾಫ್ಟ್ ಸ್ಟಾರ್ಟ್ (ಶುರುವಿನ ಕರೆಂಟ್ ತಡೆಯುವ ಸರ್ಕ್ಯೂಟ್) ಹಾಕಿದರೆ ಹೋಗುವುದಿಲ್ಲ. ನನ್ನದರಲ್ಲಿ ರಿಲೇ ಇದೆ.

ತಂತಿಸುತ್ತ:
ದಯವಿಟ್ಟು ನನ್ನ ಸಮಸ್ಯೆ ನೋಡಿ. ಪೇಪರ್ ಪ್ರತಿ ಪದರಕ್ಕೂ ಹಾಕಿದ್ದೇನೆ. 60 ವ್ಯಾಟ್ ಬಲ್ಬ್ ಸೀರಿಸ್‌ನಲ್ಲಿ ಹಾಕಿದರೆ ಚೆನ್ನಾಗಿಯೇ ಉರಿಯುತ್ತದೆ. ಬಲ್ಬ್ ತೆಗೆದು ನೇರ ಕೊಟ್ಟಾಗ ಕ್ಲ್ಯಾಂಪ್ ಮೀಟರ್ 0.6 ಆಂಪ್ ತೋರಿಸುತ್ತದೆ.

ವಾರ್ನಿಷ್_ವಾಸನೆ:
ಬಲ್ಬ್ ಉರಿಯಿತಲ್ಲ, ಮುಗಿಯಿತು. ಶಾರ್ಟ್.

ಹಳೆ_ವಾಲ್ವ್:
ಇಲ್ಲ ಸರ್. 230 ವೋಲ್ಟ್‌ಗೆ 0.6 ಆಂಪ್ ಅಂದರೆ 138 ವಿ.ಎ. ಅಷ್ಟೂ ಒಳಗೇ ಶಾಖವಾಗಿದ್ದರೆ ಎರಡು ಗಂಟೆ ತಾಳುತ್ತಿರಲಿಲ್ಲ, ಬೇಗನೇ ಹೊಗೆ ಬರುತ್ತಿತ್ತು. ಇದರಲ್ಲಿ ಬಹುಪಾಲು ಕಾಂತೀಕರಣಕ್ಕೆ ಹೋಗಿ ಬರುವ ಕರೆಂಟ್. ಇಷ್ಟು ದೊಡ್ಡ ಕೋರ್‌ಗೆ ಅದು ಮಿಲಿಆಂಪ್‌ಗಳಲ್ಲಿ ಇರಬೇಕು. ಕೋರ್ ಎಲ್ಲಿಂದ ತಂದಿರಿ? ಹೇಗೆ ಜೋಡಿಸಿದ್ದೀರಿ?

ತಂತಿಸುತ್ತ:
ಗುಜರಿ ಅಂಗಡಿಯದು. ಬೀದಿ ದೀಪದ ಹಳೆ ಮರ್ಕ್ಯುರಿ ಲ್ಯಾಂಪ್ ಚೋಕ್ (ಲ್ಯಾಂಪಿನ ಕರೆಂಟ್ ಮಿತಿಯಲ್ಲಿಡುವ ಕಾಯಿಲ್). ಬಿಚ್ಚಿದಾಗ ಹೇಗಿತ್ತೋ ಹಾಗೇ ಜೋಡಿಸಿದೆ. ಇ ಎಲ್ಲಾ ಒಂದು ಕಡೆ, ಐ ಎಲ್ಲಾ ಇನ್ನೊಂದು ಕಡೆ, ಮಧ್ಯೆ ಅರ್ಧ ಮಿ.ಮೀ. ದಪ್ಪದ ಕಂದು ರಟ್ಟು.

ಹಳೆ_ವಾಲ್ವ್:
ಆ ರಟ್ಟೇ ಕಾರಣ. ಚೋಕ್‌ನಲ್ಲಿ ಲ್ಯಾಂಪಿನ ಪೂರ್ತಿ ಕರೆಂಟ್ ಅದೇ ಕಾಯಿಲ್‌ನಲ್ಲಿ ಹರಿಯುತ್ತದೆ. ಕೋರ್ ಸ್ಯಾಚುರೇಟ್ ಆಗಬಾರದು ಅಂತ ಬೇಕೆಂದೇ ಗ್ಯಾಪ್ ಬಿಡುತ್ತಾರೆ. ಟ್ರಾನ್ಸ್‌ಫಾರ್ಮರ್‌ಗೆ ಅದು ಬೇಡ. ಫ್ಲಕ್ಸ್ (ಕೋರ್‌ನಲ್ಲಿ ಸುತ್ತುವ ಕಾಂತ ಹರಿವು) ನಡುಕಾಲಲ್ಲಿ ಒಮ್ಮೆ, ಪಕ್ಕದ ಕಾಲಲ್ಲಿ ಒಮ್ಮೆ ರಟ್ಟು ದಾಟಬೇಕು. ಒಟ್ಟು 1 ಮಿ.ಮೀ. ಅಷ್ಟು ಗ್ಯಾಪ್ ದಾಟಿಸುವುದು ಹಲವು ಮೀಟರ್ ಕಬ್ಬಿಣ ದಾಟಿಸಿದಷ್ಟು ಕಷ್ಟ. 1 ಟೆಸ್ಲಾಗೆ ಸುಮಾರು 800 ಆಂಪ್-ಸುತ್ತು ಬೇಕು. 920 ಸುತ್ತಿಗೆ ಭಾಗಿಸಿ ಆರ್.ಎಂ.ಎಸ್. (ಮೀಟರ್ ತೋರಿಸುವ ಬೆಲೆ, ಗರಿಷ್ಠದ ಸುಮಾರು 0.7 ಪಾಲು) ತೆಗೆದರೆ ನಿಮ್ಮ ಮೀಟರಿನ 0.6 ಆಂಪೇ ಸಿಗುತ್ತದೆ. ಗ್ಯಾಪ್‌ನಲ್ಲಿ ಇ ಮತ್ತು ಐ ಸೆಕೆಂಡಿಗೆ 100 ಸಲ ಒಂದನ್ನೊಂದು ಎಳೆಯುತ್ತವೆ. ಅದೇ ಆ ಸದ್ದು.
ವೈಂಡಿಂಗ್ ಮುಟ್ಟಬೇಡಿ. ರಟ್ಟು ತೆಗೆಯಿರಿ. ಒಂದು ಇ ಎಡದಿಂದ, ಮುಂದಿನದು ಬಲದಿಂದ ಹಾಕಿ, ಎದುರು ಬದಿಯಲ್ಲಿ ಐ ಕೂರಿಸಿ. ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಸ್ಟ್ಯಾಂಪಿಂಗ್ ಬಾಗಿದರೆ ಕೂರುವುದಿಲ್ಲ.

ವಾರ್ನಿಷ್_ವಾಸನೆ:
ಮಾಡಿ ನೋಡಿ. ಮೊದಲ ಸಲ ಸೀರಿಸ್ ಬಲ್ಬ್ ಹಾಕಿಯೇ ಆನ್ ಮಾಡಿ.

ತಂತಿಸುತ್ತ:
ಹಾಗೇ ಜೋಡಿಸಿದೆ. ಈಗ 50 ಮಿಲಿಆಂಪ್. ಬಲ್ಬ್ ಉರಿಯುವುದೇ ಇಲ್ಲ. ರಾತ್ರಿಯೆಲ್ಲ ಆನ್ ಇಟ್ಟಿದ್ದೆ, ಬೆಳಗ್ಗೆ ಸುಮ್ನೆ ಬೆಚ್ಚಗಿತ್ತು ಅಷ್ಟೇ. ತುಂಬಾ ಥ್ಯಾಂಕ್ಸ್ ಸರ್. ಸಣ್ಣ ಗುನುಗು ಉಳಿದಿದೆ. ಕೊನೆಯ ಎರಡು ಸ್ಟ್ಯಾಂಪಿಂಗ್ ಒಳಗೆ ಹೋಗಲಿಲ್ಲ.

ಹಳೆ_ವಾಲ್ವ್:
ಎರಡು ಬಿಟ್ಟರೆ ತೊಂದರೆ ಇಲ್ಲ. ಬೋಲ್ಟ್ ಬಿಗಿ ಮಾಡಿ ವಾರ್ನಿಷ್‌ನಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ. ಬೋಲ್ಟ್‌ಗೆ ಸ್ಲೀವ್ (ಇನ್ಸುಲೇಷನ್ ಕೊಳವೆ) ಹಾಕುವುದು ಮರೆಯಬೇಡಿ.

ಕಡಲಾಚೆ:
ಇಲ್ಲೇ ಕೇಳುತ್ತೇನೆ. ಅಮೆರಿಕದಿಂದ ತಂದ ಆಂಪ್, 120 ವೋಲ್ಟ್ 60 ಹರ್ಟ್ಜ್. ಇಲ್ಲಿ ಸ್ಟೆಪ್‌ಡೌನ್ ಹಾಕಿ 120 ಕೊಟ್ಟರೂ ಅದರ ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿ. ಇದೂ ಗ್ಯಾಪಾ?

ಲೆಕ್ಕದ_ಪುಸ್ತಕ:
ಅಲ್ಲ. ಅದೇ ವೋಲ್ಟೇಜ್‌ಗೆ 50 ಹರ್ಟ್ಜ್‌ನಲ್ಲಿ ಫ್ಲಕ್ಸ್ 20 ಶೇಕಡಾ ಜಾಸ್ತಿ. 100 ವೋಲ್ಟ್ ಕೊಟ್ಟು ನೋಡಿ. ಹೊಸ ಚರ್ಚೆ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.